ಭಾವನ ಮಾತ್ರೆ

ಎಂಟು ದಿನಗಳಿಂದ ಭಾವ ಮಾತ್ರೆ ನುಂಗಿರಲಿಲ್ಲ. ಒಗೆಯಲು ತೆಗೆದ ಅಂಗಿಯ ಜೇಬಿನಲ್ಲಿ ಅವು ಸಿಕ್ಕಾಗ ಅಕ್ಕ ಗಾಬರಿಯಿಂದ ನನಗೆ ಫೋನ್ ಮಾಡಿದಳು. ಸಂಜೆ ಭಾವನನ್ನು ಕದ್ರಿ ಪಾರ್ಕಿಗೆ ಕರೆದುಕೊಂಡು ಹೋದೆ.

"ನನಗಿರುವುದು ಹೊಟ್ಟೆಯ ಗಡ್ಡೆ. ಇದು ರಕ್ತದ ಕ್ಯಾನ್ಸರಿನ ಮಾತ್ರೆಯಂತೆ. ನನ್ನ ಮೇಲೆ ಪ್ರಯೋಗ ಮಾಡುತ್ತಿದ್ದೀರಾ?" ಎಂದು ಕೇಳಿದರು. ನೋಡಲು ಬಂದ ಬಂಧುವೊಬ್ಬರು ಔಷಧದ ಹೆಸರು ಓದಿ ಹಾಗೆ ಹೇಳಿ ಹೋಗಿದ್ದರು. ರೋಗಿಯನ್ನು ಕಾಣಲು ಬರುವವರು ಹಣ್ಣು ತರಲಿ, ವೈದ್ಯಶಾಸ್ತ್ರ ತರುವುದು ಬೇಡ!

ಆದರೆ ಅವರ ಮಾತು ಅರ್ಧ ನಿಜ. ಡಾಕ್ಟರು ಎಲ್ಲವನ್ನೂ ನನಗೆ ಬಿಡಿಸಿ ಹೇಳಿದ್ದರು. ಹೆದರುತ್ತಾರೆಂದು ಭಾವನಿಗೆ ಹೇಳದೆ ಉಳಿದವನು ನಾನೇ.

ಇಮಾಟಿನಿಬ್ ಮೊದಲು ಬಂದದ್ದು ರಕ್ತದ ಕ್ಯಾನ್ಸರಿಗೆ. ಭಾವನದ್ದು ಜಿಸ್ಟ್, ಅಂದರೆ ಜೀರ್ಣಾಂಗದ ಗೋಡೆಯ ಮೃದು ಅಂಗಾಂಶದಲ್ಲಿ ಹುಟ್ಟುವ ಅಪರೂಪದ ಕ್ಯಾನ್ಸರ್. ಹಳೆಯ ಕಿಮೊಥೆರಪಿಗೆ ಅದು ಜಗ್ಗುತ್ತಿರಲಿಲ್ಲ. ಇಂಥ ಗಡ್ಡೆಗಳಲ್ಲಿ 'ಕಿಟ್' ಎಂಬ ಪ್ರೋಟೀನು ಕೆಟ್ಟು, ಜೀವಕೋಶಗಳನ್ನು ಬಿಡುವಿಲ್ಲದೆ ಬೆಳೆಸುವುದನ್ನು 1998ರಲ್ಲಿ ಜಪಾನಿನ ಹಿರೋಟಾ ಮತ್ತು ಸಂಗಡಿಗರು ಕಂಡುಹಿಡಿದರು. ರಕ್ತದ ಕ್ಯಾನ್ಸರಿನ ಪ್ರೋಟೀನು ಬೇರೆ. ಆದರೆ ಇಮಾಟಿನಿಬ್ ಎರಡನ್ನೂ ತಡೆಯಬಲ್ಲದು. 2000ದ ಮಾರ್ಚ್‌ನಲ್ಲಿ ಫಿನ್‌ಲೆಂಡಿನ ಹೆಲ್ಸಿಂಕಿಯಲ್ಲಿ, ಬೇರೆ ದಾರಿಯೇ ಉಳಿಯದ ಮಹಿಳೆಯೊಬ್ಬರಿಗೆ ಇದನ್ನು ಕೊಟ್ಟು ನೋಡಿದರು. ಕೆಲವೇ ವಾರಗಳಲ್ಲಿ ಗಡ್ಡೆಗಳು ಕುಗ್ಗತೊಡಗಿದವು. ಒಬ್ಬರಿಗೆ ಫಲಿಸಿದರೆ ಸಾಲದಲ್ಲ? ಮುಂದೆ 147 ಮಂದಿಯಲ್ಲಿ ಪರೀಕ್ಷೆ ನಡೆಯಿತು. ಅರ್ಧಕ್ಕಿಂತ ಹೆಚ್ಚು ಮಂದಿಗೆ ಗಡ್ಡೆ ಚೆನ್ನಾಗಿ ಕುಗ್ಗಿತು. ಯಾರಿಗೂ ಪೂರ್ತಿ ಮಾಯವಾಗಲಿಲ್ಲ. 2002ರಲ್ಲಿ ಅಮೆರಿಕ ಈ ರೋಗಕ್ಕೂ ಅನುಮತಿ ಕೊಟ್ಟಿತು.

"ಪ್ರಯೋಗ ಮುಗಿದು ಇಪ್ಪತ್ತು ವರ್ಷ ದಾಟಿತು ಭಾವ. ನಿಮಗಿಂತ ಮೊದಲು ಅವರೆಲ್ಲ ನುಂಗಿ ನೋಡಿದ್ದಾರೆ."

ಭಾವ ಸ್ವಲ್ಪ ಹೊತ್ತು ಸುಮ್ಮನಿದ್ದು, "ಖರ್ಚು?" ಎಂದರು. ಅಕ್ಕನ ಬಳೆಗಳ ಚಿಂತೆ ಅವರಿಗೆ. ಮೂಲ ಕಂಪೆನಿಯ ಮಾತ್ರೆಗೆ ತಿಂಗಳಿಗೆ ಲಕ್ಷ ರೂಪಾಯಿ ಮೀರುತ್ತಿದ್ದ ಕಾಲವಿತ್ತು. ನೊವಾರ್ಟಿಸ್ ಕೇಳಿದ ಪೇಟೆಂಟನ್ನು 2013ರ ಏಪ್ರಿಲ್ 1ರಂದು ಸುಪ್ರೀಂ ಕೋರ್ಟ್ ತಳ್ಳಿಹಾಕಿದ್ದರಿಂದ, ನಮ್ಮ ದೇಶದ ಕಂಪೆನಿಗಳ ಅಗ್ಗದ ಮಾತ್ರೆಗೆ ಅಡ್ಡಿಯಾಗಲಿಲ್ಲ. ಬಳೆಗಳು ಅಕ್ಕನ ಕೈಯಲ್ಲೇ ಇವೆ ಎಂದೆ.

"ನಿಲ್ಲಿಸಿದರೆ?"

"ಮತ್ತೆ ಬೆಳೆಯುತ್ತದೆ."

"ಇದನ್ನು ಮೊದಲೇ ಹೇಳಬಾರದಿತ್ತಾ ನೀನು?"

ನನ್ನಲ್ಲಿ ಉತ್ತರವಿರಲಿಲ್ಲ. ಪಾರ್ಕಿನಿಂದಲೇ ಡಾಕ್ಟರಿಗೆ ಫೋನ್ ಮಾಡಿದೆವು. ಚೆನ್ನಾಗಿ ಬೈದು, ಅಂದೇ ರಾತ್ರಿಯಿಂದ ಮತ್ತೆ ಶುರುಮಾಡಲು ಹೇಳಿದರು. ಊಟವಾದ ಮೇಲೆ, ದೊಡ್ಡ ಲೋಟ ನೀರಿನೊಂದಿಗೆ.

ಮನೆ ತಲುಪುವಾಗ ಅಕ್ಕ ಗಂಜಿ ಬಡಿಸಿ ಕಾಯುತ್ತಿದ್ದಳು. ನೀರಿನ ಲೋಟವನ್ನು ಭಾವನೇ ತುಂಬಿಸಿಕೊಂಡರು.