ಅಟ್ಟದ ಮೇಲಿನ ವರ್ಷಗಳು

ಬೋರನಕಣಿವೆಯ ಸೀಮೆಯಲ್ಲಿ ಕೊಬ್ಬರಿಯನ್ನು ಯಾರೂ ಅವಸರದಿಂದ ಮಾಡುವುದಿಲ್ಲ. ಕಾಯಿಯನ್ನು ಅಟ್ಟಕ್ಕೇರಿಸಿ ಹತ್ತು ಹನ್ನೊಂದು ತಿಂಗಳು ಬಿಟ್ಟರೆ ಒಳಗಿನ ನೀರು ತಾನಾಗಿ ಇಂಗಿ, ಅಲುಗಿಸಿದಾಗ ಗಿಟುಕು ಸದ್ದು ಮಾಡುತ್ತದೆ. ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಉದ್ಯಮದ ಕಥೆಯನ್ನು 1985ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಬಂದಲ್ಲಿಂದ ಆರಂಭಿಸುವವರಿಗೆ ಕೇಳಿಸಿದ್ದು ಆ ಸದ್ದು ಮಾತ್ರ. ಕಾಯಿ ಅಟ್ಟಕ್ಕೇರಿದ್ದು ಬಹಳ ಹಿಂದೆ.

1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಕೋಲಾರದ ಗಣಿಗಳಿಗೆ ಹರಿಯಿತು. 1905ರಲ್ಲಿ ಬೆಂಗಳೂರಿನ ಬೀದಿಗಳು ಬೆಳಗಿದವು. 1909ರಲ್ಲಿ ಟಾಟಾ ಅವರ ದತ್ತಿ ಮತ್ತು ಮೈಸೂರು ಸಂಸ್ಥಾನದ ಭೂದಾನದಿಂದ ವಿಜ್ಞಾನ ಮಂದಿರ ಸ್ಥಾಪಿತವಾಯಿತು. ಸ್ವಾತಂತ್ರ್ಯಾನಂತರ 1948ರಲ್ಲಿ ದೂರವಾಣಿ ಕಾರ್ಖಾನೆಯಾದ ಐ.ಟಿ.ಐ., 1954ರಲ್ಲಿ ಜಾಲಹಳ್ಳಿಯ ಬಿ.ಇ.ಎಲ್. ಬಂದವು. ಸೇನೆಗೆ ನಿಸ್ತಂತು ಉಪಕರಣಗಳನ್ನು ಒದಗಿಸಲೆಂದು ಹುಟ್ಟಿದ ಬಿ.ಇ.ಎಲ್. ಅರವತ್ತರ ದಶಕದಲ್ಲಿ ಟ್ರಾನ್ಸಿಸ್ಟರುಗಳನ್ನೂ ತಾನೇ ತಯಾರಿಸತೊಡಗಿತು. 1975ರಲ್ಲಿ ಗಗನಕ್ಕೇರಿದ ಆರ್ಯಭಟ ಉಪಗ್ರಹ ಸಿದ್ಧವಾದದ್ದು ಪೀಣ್ಯದ ಸಾಧಾರಣ ಶೆಡ್ಡುಗಳಲ್ಲಿ. ಮರುವರ್ಷ ಕಿಯೋನಿಕ್ಸ್ ಸಂಸ್ಥೆ ಹುಟ್ಟಿತು. ಅದರ ಮುಖ್ಯಸ್ಥರಾಗಿದ್ದ ಆರ್. ಕೆ. ಬಾಳಿಗಾ ಅವರು ಹೊಸೂರು ರಸ್ತೆಯ 332 ಎಕರೆಯಲ್ಲಿ ಎಲೆಕ್ಟ್ರಾನಿಕ್ಸ್ ಸಿಟಿಯನ್ನು ಕಂಡರು. ಆಗ ನಕ್ಕವರೂ ಇದ್ದಿರಬೇಕು!

ನನ್ನ ಸೋದರಮಾವ ಡಿಪ್ಲೊಮಾ ಮುಗಿಸಿ ದೂರವಾಣಿ ಕಾರ್ಖಾನೆ ಸೇರಿದವರು. ಹಬ್ಬಕ್ಕೆ ಊರಿಗೆ ಬಂದಾಗ, ಕೂದಲೆಳೆಯಂಥ ತಂತಿಗಳನ್ನು ಬೆಸೆಯುವ ಹೆಣ್ಣುಮಕ್ಕಳ ಕೈಚಳಕವನ್ನು ವರ್ಣಿಸುತ್ತಿದ್ದರು. ಅಜ್ಜಿ ಪ್ರತಿ ಸಲವೂ ಕೇಳುತ್ತಿದ್ದುದು ಒಂದೇ: “ನೀನು ಮಾಡಿದ ಫೋನು ನಮ್ಮೂರಿಗೆ ಯಾವಾಗ ಬತ್ತದಪ್ಪಾ?” ನ್ಯಾಯವಾದ ಪ್ರಶ್ನೆ. ಹವಾನಿಯಂತ್ರಣವಿಲ್ಲದೆ ಹಳ್ಳಿಯ ಧೂಳು, ಬಿಸಿಲನ್ನು ತಾಳುವ ವಿನಿಮಯ ಕೇಂದ್ರವನ್ನು ಸಿ-ಡಾಟ್ ಸಂಸ್ಥೆ ರೂಪಿಸಿ ನಮ್ಮದೇ ಕಿತ್ತೂರಿನಲ್ಲಿ ಮೊದಲಿಗೆ ಸ್ಥಾಪಿಸಿದ್ದು 1986ರಲ್ಲಿ. ಈ ಉದ್ಯಮದ ಸಾಧನೆಗಳಲ್ಲಿ ನನಗೆ ಅತ್ಯಂತ ಪ್ರಿಯವಾದದ್ದು ಅದೇ. ನಮ್ಮೂರಿಗೆ ಫೋನು ಬರುವಷ್ಟರಲ್ಲಿ ಅಜ್ಜಿ ಇರಲಿಲ್ಲ.

ನಿವೃತ್ತರಾದ ಮಾವ ತೋಟಕ್ಕೆ ಮರಳಿದರು. ಅವರ ತಲೆಮಾರಿಗೆ ಕಾರ್ಖಾನೆಯೆಂದರೆ ಹೋಗಿ ಬರುವ ಸ್ಥಳ. ಚಿಪ್ ವಿನ್ಯಾಸದ ಕಂಪನಿಯಲ್ಲಿರುವ ಅವರ ಮಗನಿಗೆ ಊರೇ ಹೋಗಿ ಬರುವ ಸ್ಥಳ. ಇದರಲ್ಲಿ ಅವನ ತಪ್ಪೇನು ಹೇಳಿ? ಓದಿಸಿ ಕಳುಹಿಸಿದವರು ನಾವೇ ಅಲ್ಲವೇ? ಕಳೆದ ಬೇಸಿಗೆಯಲ್ಲಿ ಅವನು ಬಂದು, ಬೆಂಗಳೂರಿನಿಂದಲೇ ಮೊಬೈಲಿನಲ್ಲಿ ಪಂಪು ಚಾಲೂ ಮಾಡುವ ಸಾಧನವನ್ನು ಕೂರಿಸಿಹೋದ. ನೀರು ಹೇಳಿದ ಹೊತ್ತಿಗೆ ಬರುತ್ತದೆ. ಮರವೇರಿ ಕಾಯಿ ಕೀಳುವವರಿಗಾಗಿ ಮಾತ್ರ ಮಾವ ವಾರಗಟ್ಟಲೆ ಕಾಯುತ್ತಾರೆ. ತೋಟವನ್ನು ಮಾರಿಬಿಡೋಣವೇ ಎಂದು ಮಗ ಎರಡು ಬಾರಿ ಕೇಳಿದ್ದಾನೆ. ಮಾವ ಇನ್ನೂ ಉತ್ತರ ಕೊಟ್ಟಿಲ್ಲ.