ಊರಿಗೆ ಬರಲೊಂದು ಜಾಮೀನು

ಅಣ್ಣನ ಕಾಫಿ ವ್ಯಾಪಾರದಲ್ಲಿ ನಾನು ಕಾಗದದ ಮೇಲಿನ ಪಾಲುದಾರಳು. ಸಾಲಕ್ಕೆ ಇನ್ನೊಂದು ಹೆಸರು ಬೇಕೆಂದು ನನ್ನ ಹೆಸರು ಸೇರಿಸಿದ್ದರು. ನಾನಿದ್ದದ್ದು ಮಸ್ಕತ್‌ನಲ್ಲಿ, ನರ್ಸ್ ಕೆಲಸದಲ್ಲಿ. ಕಳಸದ ಗೋದಾಮಿಗೆ ಯಾರ ಚೆರ್ರಿ ಎಷ್ಟು ಮೂಟೆ ಬಂತೆಂದು ನನಗೇನು ಗೊತ್ತು? ನಮ್ಮ ಕಡೆ ಮಾಲು ಇವತ್ತು ಹಾಕಿ ಬೆಲೆ ಆಮೇಲೆ ಮಾತಾಡುವುದುಂಟು; ಆಧಾರವೆಂದರೆ ಒಂದು ತುಂಡು ಚೀಟಿ. 2024ರಲ್ಲಿ ರೋಬಸ್ಟಾ ಬೆಲೆ ಏರುತ್ತಲೇ ಹೋಯಿತು. ಮಾಲು ಹಾಕಿದವರು ಆವತ್ತಿನ ಬೆಲೆ ಕೇಳಿದರು. ಅಣ್ಣ ಅದನ್ನು ಕಡಿಮೆಗೆ ಮಾರಿ ಮುಗಿಸಿದ್ದ. ವಂಚನೆ, ನಂಬಿಕೆದ್ರೋಹ ಎಂದು ಎಫ್‌ಐಆರ್ ಆಯಿತು. ಅವನು ಒಂದನೇ ಆರೋಪಿ, ನಾನು ಎರಡನೆಯವಳು.

"ನೀನೀಗ ಬರ್ಬೇಡ ಮಾರಾಯ್ತಿ" ಎಂದರು ಅಮ್ಮ. ಅಣ್ಣ ಆಗಲೇ ಜೈಲಿನಲ್ಲಿದ್ದ. ಬರದಿದ್ದರೆ ತಲೆಮರೆಸಿಕೊಂಡವಳು ಅನ್ನಿಸಿಕೊಳ್ಳಬೇಕು. ಬಂದರೆ, ಲುಕ್‌ಔಟ್ ನೋಟಿಸ್ ಏನಾದರೂ ಇದ್ದಲ್ಲಿ, ಇಮಿಗ್ರೇಷನ್ ಕೌಂಟರಿನಲ್ಲೇ ಹಿಡಿಯುತ್ತಾರೆ. ಅದು ಇದೆಯೋ ಇಲ್ಲವೋ ಮೊದಲೇ ಯಾರೂ ತಿಳಿಸುವುದಿಲ್ಲ. ಆ ವರ್ಷ ಮೇ 31ರಂದು ಪಕ್ಕದ ಹಾಸನದ ಸಂಸದರನ್ನು ಜರ್ಮನಿಯಿಂದ ಬಂದಿಳಿದ ಕೂಡಲೇ ಬಂಧಿಸಿದ್ದನ್ನು ಟಿವಿಯಲ್ಲಿ ನೋಡಿದ್ದೆ. ಅವರ ಮೇಲಿದ್ದ ಆರೋಪಕ್ಕೂ ನನ್ನದಕ್ಕೂ ಹೋಲಿಕೆಯೇ ಇಲ್ಲ, ಆದರೂ ರಾತ್ರಿ ಪಾಳಿಯಲ್ಲಿ ಕಣ್ಣೆದುರು ಬರುತ್ತಿದ್ದುದು ಅದೇ.

ನಾನು ಇಳಿಯುವುದು ಮಂಗಳೂರಿನಲ್ಲಿ, ಅಲ್ಲೇ ಟ್ರಾನ್ಸಿಟ್ ಜಾಮೀನು ಕೇಳಬಹುದೇ ಎಂದು ವಕೀಲರನ್ನು ಕೇಳಿದೆ. "ಅದು ಬೇರೆ ರಾಜ್ಯದ ಕೇಸಿಗಮ್ಮ" ಎಂದರು. ರಾಜಸ್ಥಾನದಲ್ಲಿ ದಾಖಲಾದ ಪ್ರಕರಣಕ್ಕೆ ಬೆಂಗಳೂರಿನ ಕೋರ್ಟ್ ಕೊಟ್ಟ ಜಾಮೀನಿನಿಂದ ಎದ್ದ ಪ್ರಶ್ನೆಯನ್ನು ಸುಪ್ರೀಂ ಕೋರ್ಟ್ 2023ರ ನವೆಂಬರಿನಲ್ಲಿ ತೀರ್ಮಾನಿಸಿತ್ತಂತೆ. ನಮ್ಮದಕ್ಕೆ ಚಿಕ್ಕಮಗಳೂರಿನ ಸೆಷನ್ಸ್ ಕೋರ್ಟೇ ಸರಿ. ಹಳೆಯ 438, ಈಗ ನಾಗರಿಕ ಸುರಕ್ಷಾ ಸಂಹಿತೆಯ 482, ಅಂದರೆ ನಿರೀಕ್ಷಣಾ ಜಾಮೀನು. ವಕಾಲತ್ತಿಗೆ ರಾಯಭಾರ ಕಚೇರಿಯಲ್ಲಿ ದೃಢೀಕರಣ ಮಾಡಿಸಿ ಕಳಿಸಿದೆ.

ದೇಶದಲ್ಲೇ ಇಲ್ಲದವರಿಗೆ ಬಂಧನದ ಭಯ ಎಲ್ಲಿಂದ ಬಂತು ಎಂಬುದು ಸರ್ಕಾರಿ ವಕೀಲರ ಆಕ್ಷೇಪ. ಸರಿಯಾದ ಪ್ರಶ್ನೆಯೇ. ದುಬೈನಲ್ಲಿದ್ದ ಚಿತ್ರ ನಿರ್ಮಾಪಕರೊಬ್ಬರಿಗೆ ಬಂದು ತನಿಖೆಗೆ ಹಾಜರಾಗಲೆಂದೇ ಕೇರಳ ಹೈಕೋರ್ಟ್ 2022ರಲ್ಲಿ ಮಧ್ಯಂತರ ರಕ್ಷಣೆ ಕೊಟ್ಟದ್ದನ್ನು ನಮ್ಮ ವಕೀಲರು ಮುಂದಿಟ್ಟರು, ಜೊತೆಗೆ ನನ್ನ ಟಿಕೆಟನ್ನೂ. ಮಧ್ಯಂತರ ಆದೇಶ ಬಂತು: ನಿಗದಿತ ದಿನದೊಳಗೆ ಹಾಜರಾಗಬೇಕು, ಪಾಸ್‌ಪೋರ್ಟ್ ಒಪ್ಪಿಸಬೇಕು, ಬಂಧಿಸಿದರೆ ಒಂದು ಲಕ್ಷದ ಬಾಂಡ್ ಮತ್ತು ಒಬ್ಬ ಜಾಮೀನುದಾರರ ಮೇಲೆ ಬಿಡಬೇಕು.

ನಿಜವಾದ ಕಷ್ಟ ಶುರುವಾದದ್ದು ಆ ಒಬ್ಬ ಜಾಮೀನುದಾರರಿಂದ. ಕಾಫಿ ಸೀಮೆಯವಳಿಗೆ ಜಾಮೀನು ನಿಲ್ಲುವವರಿಗೆ ಬರವೇ ಎಂದು ಹೊರಗಿನವರು ಕೇಳಿಯಾರು. ಹಾಜರು ಮಾಡಬೇಕಾದದ್ದು ತೋಟವನ್ನಲ್ಲ, ಪಹಣಿಯನ್ನು. ದೊಡ್ಡಪ್ಪನ ತೋಟದಲ್ಲಿ ಬಹುಪಾಲು ಒತ್ತುವರಿ. ಫಾರಂ 57 ಹಾಕಿ ಸಾಗುವಳಿ ಚೀಟಿಗೆ ಕಾಯುತ್ತಿದ್ದಾರೆ. ಉಳಿದದ್ದು ತೀರಿಕೊಂಡ ಅಜ್ಜನ ಹೆಸರಿನಲ್ಲೇ ಇದೆ. ಮಾವನ ಪಹಣಿಯಲ್ಲಿ ಬ್ಯಾಂಕಿನ ಋಣ. ಕಂಬಳಿ ಹೊದ್ದು ತಲೆಮಾರುಗಳಿಂದ ದುಡಿದ ನೆಲ, ಕೋರ್ಟಿನ ಲೆಕ್ಕದಲ್ಲಿ ಯಾರದ್ದೂ ಅಲ್ಲ. ಚೊಕ್ಕ ಪಹಣಿ ಇದ್ದ ನೆಂಟರೊಬ್ಬರು ಫೋನ್ ಎತ್ತುವುದನ್ನೇ ಬಿಟ್ಟರು. ಕೊನೆಗೆ ಒಪ್ಪಿದ್ದು ಅಪ್ಪನ ಹಳೆಯ ಸ್ನೇಹಿತರು. ಅವರ ಮಾಲೂ ಅಣ್ಣನ ಗೋದಾಮಿನಲ್ಲಿ ಮುಳುಗಿತ್ತು. "ನೀನು ಬಂದ್ರಲ್ವ ಲೆಕ್ಕ ಸಿಗೋದು" ಎಂದರು, ಅಷ್ಟೇ.

ಬಜ್ಪೆಯಲ್ಲಿ ಇಳಿದಾಗ ರಾತ್ರಿ. ಸೂರ್ಯಾಸ್ತದ ನಂತರ ಹೆಂಗಸರನ್ನು ಸುಮ್ಮನೆ ಬಂಧಿಸುವಂತಿಲ್ಲ ಎಂದು ವಕೀಲರು ಹೇಳಿದ್ದರೂ ಕೈ ನಡುಗುತ್ತಿತ್ತು. ಕೌಂಟರಿನವರು ಪರದೆ ನೋಡಿದರು, ಯಾರಿಗೋ ಫೋನ್ ಮಾಡಿದರು, ಕೂರಲು ಹೇಳಿದರು. ಆದೇಶದ ಪ್ರತಿ ಓದಿ ಬಿಟ್ಟರು. ಚಾರ್ಮಾಡಿ ಹತ್ತಿ ಕೊಟ್ಟಿಗೆಹಾರ ತಲುಪುವವರೆಗೆ ಕಾರಿನಲ್ಲಿ ಯಾರೂ ಮಾತಾಡಲಿಲ್ಲ.

ಠಾಣೆಯಲ್ಲಿ ಬಂಧನವೂ ಬಿಡುಗಡೆಯೂ ಒಂದೇ ಮೇಜಿನ ಮೇಲೆ ಕಾಗದದಲ್ಲಿ ನಡೆದವು. ಆಮೇಲೆ ವಿಚಾರಣೆ, ಬೆಳಿಗ್ಗೆಯಿಂದ ಸಂಜೆಯವರೆಗೆ. ಯಾರೂ ಗದರಲಿಲ್ಲ. ನಿಮಗೆ ಗೊತ್ತಿಲ್ಲದೆ ನಿಮ್ಮ ಸಹಿ ಹೇಗೆ ಬಂತು ಎಂಬ ಒಂದೇ ಪ್ರಶ್ನೆಯನ್ನು ಬೇರೆ ಬೇರೆ ದಿನ ಕೇಳಿದರು. ಹೊರಗಿನ ಬೆಂಚಿನಲ್ಲಿ ದೂರುದಾರರು ಕೂತಿರುತ್ತಿದ್ದರು, ಚಿಕ್ಕಂದಿನಿಂದ ನಾನು ಅಣ್ಣ, ಅತ್ತಿಗೆ ಎಂದು ಕರೆದವರೇ. ಅವರ ಮೇಲೆ ನನಗೆ ಸಿಟ್ಟಿಲ್ಲ. ಒಂದು ವರ್ಷದ ಬೆಳೆ ಹೋದದ್ದು ಅವರದು.

ಮಧ್ಯಂತರ ಆದೇಶ ಮುಂದೆ ಕಾಯಂ ಆಯಿತು. ಪಾಸ್‌ಪೋರ್ಟ್ ಮಾತ್ರ ವಾಪಸು ಬರಲಿಲ್ಲ. ಆರು ತಿಂಗಳು ಹೊರಗಿದ್ದರೆ ಒಮಾನಿನ ವೀಸಾ ರದ್ದು. ಹಾಗೆಯೇ ಆಯಿತು, ಕೆಲಸವೂ ಹೋಯಿತು. ಈಗ ಮೂಡಿಗೆರೆಯ ನರ್ಸಿಂಗ್ ಹೋಮ್ ಒಂದರಲ್ಲಿದ್ದೇನೆ. ದೋಷಾರೋಪ ಪಟ್ಟಿ ಇನ್ನೂ ಸಲ್ಲಿಕೆಯಾಗಿಲ್ಲ.