ನಾವು ರುಜು ಹಾಕಿದ ಕಾಗದ

ಎಂ.ಎ. ಮುಗಿಸಿ ಚಿಕಿತ್ಸಾ ಮನಶ್ಶಾಸ್ತ್ರದ ಅಭ್ಯಾಸಕ್ಕೆಂದು ಬರುವ ತರುಣ ತರುಣಿಯರಿಗೆ ಮೊದಲು ಏನನ್ನು ಕಲಿಸಬೇಕೆಂಬುದು ನಮಗೆ ಬಹುಕಾಲ ತಿಳಿದಿರಲಿಲ್ಲ. ನಮ್ಮ ನಾಡಿಗೆ ಈ ವಿದ್ಯೆಯು ಹೊಸದಲ್ಲ. ಮೈಸೂರು ವಿಶ್ವವಿದ್ಯಾನಿಲಯದಲ್ಲಿ 1924ರಲ್ಲಿಯೇ ಎಂ. ವಿ. ಗೋಪಾಲಸ್ವಾಮಿಯವರ ನೇತೃತ್ವದಲ್ಲಿ ಮನಶ್ಶಾಸ್ತ್ರ ವಿಭಾಗವು ಆರಂಭವಾಯಿತು. ಮುಂದೆ 1974ರಲ್ಲಿ ನಿಮ್ಹಾನ್ಸ್ ಆದ ಬೆಂಗಳೂರಿನ ಸಂಸ್ಥೆಯಲ್ಲಿ 1955ರಿಂದ ವೃತ್ತಿಶಿಕ್ಷಣವೂ ಮೊದಲಾಯಿತು. ಶಾಸ್ತ್ರವನ್ನೇನೋ ಪುಸ್ತಕದಿಂದ ಕಲಿಸಬಹುದು. ಎದುರಿಗೆ ಕುಳಿತವರ ಮಾತನ್ನು ಕೇಳುವುದನ್ನು ಕಲಿಸುವುದೆಂತು?

ಒಮ್ಮೆ ತಾಯಿಯೊಬ್ಬಳು 12 ವರ್ಷದ ಮಗನನ್ನು ಕರೆತಂದಳು. ಹುಡುಗನು ಶಾಲೆಯಲ್ಲಿ ಬಾಯಿಯನ್ನೇ ಬಿಡನು. ಬುದ್ಧಿ ಮಂದವೆಂದು ಬರೆಸಿ ತರುವಂತೆ ಮೇಷ್ಟರು ಹೇಳಿ ಕಳುಹಿಸಿದ್ದರು. ನಮ್ಮ ಶಿಷ್ಯೆಯು ಕಾಮತರ ಪರೀಕ್ಷೆಯನ್ನು ಕ್ರಮವಾಗಿ ನಡೆಸಿದಳು. ಬಿನೆಯ ಬುದ್ಧಿಪರೀಕ್ಷೆಯನ್ನು ಕನ್ನಡ ಮರಾಠಿ ಮಕ್ಕಳಿಗೆ ಒಗ್ಗಿಸಿ, ಆ ಕುರಿತು 1940ರಲ್ಲಿ ಗ್ರಂಥವನ್ನು ಪ್ರಕಟಿಸಿದವರು ವಿ. ವಿ. ಕಾಮತರು. ಪರೀಕ್ಷೆಯಲ್ಲಿ ದೋಷವಿರಲಿಲ್ಲ. ಆದರೆ ಅದರಲ್ಲಿ ಬಾಯಿಮಾತಿನ ಉತ್ತರವೇ ಹೆಚ್ಚು. ಹುಡುಗನು ನೆಲವನ್ನು ನೋಡುತ್ತ ಕುಳಿತನು. ಅಂಕಿಯು ಇಳಿಯಿತು. ಹೊರಗೆ ಜನ ಕಾದಿದ್ದರು. ನಾವು ಅವನ ಮುಖವನ್ನೂ ನೋಡದೆ ವರದಿಗೆ ರುಜು ಹಾಕಿದೆವು.

ಕಾಗದವನ್ನು ಕೊಡಲು ಹೋದ ಶಿಷ್ಯೆಯು ಹಾಗೆಯೇ ಹಿಂದಿರುಗಿದಳು. "ಸಂಜೆ ಕುರಿ ಎಣಿಸೋನು ಇವನೇ ಕಣವ್ವಾ, ಒಂದು ಕಡಿಮೆಯಾದ್ರೂ ಯಾವುದು ಅಂತ ಹೇಳ್ತಾನೆ" ಎಂದು ತಾಯಿ ಅಂದಳಂತೆ.

"ಮನೆಯಲ್ಲಿ ಏನು ಮಾಡುತ್ತಾನೆಂದು ನಾನು ಕೇಳಿಯೇ ಇರಲಿಲ್ಲ ಸಾರ್. ಇದನ್ನು ಕೊಡಲಾರೆ" ಎಂದಳು ಶಿಷ್ಯೆ.

ನಮಗೆ ಮೊದಲು ಬಂದದ್ದು ಸಿಟ್ಟು, ಮರೆಮಾಚಿ ಫಲವೇನು? ಆದರೂ ಒಪ್ಪಿದೆವು. ಅವಳು ಎರಡು ದಿನ ಪರೀಕ್ಷೆಯ ಗೊಡವೆಗೇ ಹೋಗದೆ ಹುಡುಗನೊಡನೆ ಹೊಂಗೆಯ ನೆರಳಿನಲ್ಲಿ ಕುಳಿತಳು. ಮೂರನೆಯ ದಿನ ಭಾಟಿಯಾ ಅವರ ಪರೀಕ್ಷೆಯ ಬಣ್ಣದ ಘನಗಳನ್ನು ಮುಂದಿಟ್ಟಳು. ಹುಡುಗನು ತೋರಿಸಿದ ಮಾದರಿಗಳನ್ನು ಒಂದೊಂದಾಗಿ ಜೋಡಿಸಿದನು. ಕಡೆಗೆ ಮಾತೂ ಆಡಿದನು. ತೊದಲು! ತರಗತಿಯವರು ನಗುತ್ತಾರೆಂದು ಬಾಯಿ ಮುಚ್ಚಿದ್ದನು. ಹೊಸ ವರದಿಯೊಡನೆ ಅವನನ್ನು ಮಾತಿನ ಚಿಕಿತ್ಸೆಗೆ ಕಳುಹಿಸಿದೆವು.

ಅವಳು ತನ್ನ ಸಂಶೋಧನೆಗೂ ಆ ಪ್ರಶ್ನೆಯನ್ನೇ ಹಿಡಿದಳು: ಮಾತನಾಡದ ಮಕ್ಕಳನ್ನು ಮಾತಿನಿಂದ ಅಳೆದಾಗ ಎಷ್ಟು ತಪ್ಪುತ್ತೇವೆ? ಗ್ರಂಥಾಲಯದಲ್ಲಿ ವಿಷಯ ಹುಡುಕುತ್ತ ತಿಂಗಳುಗಳನ್ನು ಕಳೆಯುವ ಶಿಷ್ಯರನ್ನು ಕಂಡಾಗ ನಮಗೆ ಇವಳೇ ನೆನಪಾಗುವಳು.

ಈಗ ಹೊಸಬರ ಕೈಗೆ ಮೊದಲ ಹದಿನೈದು ದಿನ ಪರೀಕ್ಷೆಯ ಪೆಟ್ಟಿಗೆಯನ್ನು ಕೊಡುವುದಿಲ್ಲ. ಕಾದು ಕುಳಿತವರ ಬಳಿ ಕುಳಿತು, ಅವರು ಒಪ್ಪಿದರೆ, ಆಡಿದ ಮಾತನ್ನು ಅವರದೇ ಪದಗಳಲ್ಲಿ ಬರೆದು ತರಬೇಕು. "ಇದಕ್ಕೆ ಅಂಕವೆಷ್ಟು ಸಾರ್?" ಎಂದು ಕೇಳುವವರು ಪ್ರತಿವರ್ಷವೂ ಒಬ್ಬರಿರುತ್ತಾರೆ. ಅಂಥವರಿಗೆ ಆ ಹಳೆಯ ವರದಿಯನ್ನು ಓದಲು ಕೊಡುತ್ತೇವೆ. ಅದರಲ್ಲಿ ಹುಡುಗನ ಹೆಸರು, ಊರುಗಳನ್ನು ಮಸಿಯಿಂದ ಮುಚ್ಚಿದ್ದೇವೆ. ನಮ್ಮ ರುಜುವನ್ನು ಹಾಗೆಯೇ ಬಿಟ್ಟಿದ್ದೇವೆ.